ಸ್ಪೋರ್ಟ್ಸ್ ಬೈಕೋ, ದೊಡ್ಡ ಟೂರಿಂಗ್ ಬೈಕೋ? ಗಡಿ ಸೀಮೆಯ ರಸ್ತೆಗೆ ಒಂದು ಲೆಕ್ಕ

ಆದೋನಿ: ಹತ್ತಿ ಮಾರಿದ ಹಣ ಕೈಗೆ ಬರುವ ತಿಂಗಳುಗಳಲ್ಲಿ ಆದೋನಿ, ಎಮ್ಮಿಗನೂರು, ಕೋಸಿಗಿ, ಕೌತಾಳಂ ಸುತ್ತಿನ ಮನೆಗಳಲ್ಲಿ ಬೈಕಿನ ಮಾತು ಏಳುತ್ತದೆ. ಕಾಲೇಜಿಗೆ ಹೋಗುವ ಕಿರಿಮಗ ಮುಂದಕ್ಕೆ ಬಾಗಿ ಓಡಿಸುವ ಸ್ಪೋರ್ಟ್ಸ್ ಬೈಕು ಕೇಳುತ್ತಾನೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೆಲಸಕ್ಕಿರುವ ಹಿರಿಮಗನಿಗೆ ಊರಿಗೂ ಬರಬೇಕು, ಒಮ್ಮೆ ಲಡಾಖಿಗೂ ಹೋಗಿಬರಬೇಕು ಎಂಬ ಆಸೆ. ಅವನು ದೊಡ್ಡ ಟೂರಿಂಗ್ ಬೈಕು ಎನ್ನುತ್ತಾನೆ. ಅಪ್ಪ ಕೇಳುವುದು ಒಂದೇ ಮಾತು: 'ಅದರ ಹಿಂದ ನಿಮ್ಮವ್ವ ಕೂಡ್ತಾಳೇನು?'

ಶೋರೂಮಿನವರು ಕೊಡುವ ಬಣ್ಣದ ಕಾಗದದಲ್ಲಿ ಈ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಆದರೆ ಇಲ್ಲಿನ ಊರುಗಳ ಮಟ್ಟಿಗೆ ಬೈಕಿನ ಆಯ್ಕೆಯನ್ನು ತೀರ್ಮಾನಿಸಬೇಕಾದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆ. ಅದರ ಜೊತೆಗೆ ಇನ್ನೊಂದು ಸೇರಿಸಿಕೊಳ್ಳಬೇಕು: ಗಾಡಿಯ ಎಂಜಿನ್ 350 ಸಿಸಿ ಗೆರೆಯ ಈಚೆಗಿದೆಯೋ, ಆಚೆಗಿದೆಯೋ? ಬೈಕು ಎಷ್ಟು ಜೋರಾಗಿ ಓಡುತ್ತದೆ ಎಂಬುದು ಆಮೇಲಿನ ಮಾತು.

ಎರಡರ ಜಾತಿ ಬೇರೆ

ಸ್ಪೋರ್ಟ್ಸ್ ಬೈಕಿನಲ್ಲಿ ಹ್ಯಾಂಡಲ್ ಕೆಳಗಿರುತ್ತದೆ, ಕಾಲಿಡುವ ಜಾಗ ಹಿಂದಕ್ಕೆ ಸರಿದಿರುತ್ತದೆ. ಸವಾರನ ಭಾರ ಮುಂಗೈ ಮೇಲೆ ಬೀಳುತ್ತದೆ. ಗಾಳಿ ಸೀಳಲು ಮೈಗೆಲ್ಲ ಪ್ಲಾಸ್ಟಿಕ್ ಹೊದಿಕೆ. ಎಂಜಿನ್ ಜೋರಾಗಿ ತಿರುಗಿದಾಗಲೇ ಅದರ ಕಸುವು ಹೊರಬರುತ್ತದೆ. ಈ ಭಾಗದಲ್ಲಿ ಹೆಚ್ಚು ಕಾಣುವ ಉದಾಹರಣೆ ಯಮಹಾ ಆರ್15. ತಮಿಳುನಾಡಿನ ಗಡಿಯ ಹೊಸೂರಿನ ಟಿವಿಎಸ್ ಕಂಪನಿಯ ಅಪಾಚೆ ಆರ್‌ಆರ್ 310, ಕೆಟಿಎಂನ ಆರ್‌ಸಿ ಸಾಲಿನ ಬೈಕುಗಳು ಇದೇ ಪೈಕಿ.

ಟೂರಿಂಗ್ ಬೈಕಿನಲ್ಲಿ ಹ್ಯಾಂಡಲ್ ಎತ್ತರ ಮತ್ತು ಅಗಲ, ಬೆನ್ನು ನೆಟ್ಟಗೆ, ಸೀಟು ಅಗಲ, ಚೀಲ ಕಟ್ಟಲು ಜಾಗ, ಗಾಡಿಯೂ ತೂಕ. ಲೋಕದಲ್ಲಿ ದೊಡ್ಡ ಟೂರಿಂಗ್ ಬೈಕು ಎಂದರೆ ಹೋಂಡಾ ಗೋಲ್ಡ್‌ವಿಂಗ್. 1975ರಲ್ಲಿ ಸಾವಿರ ಸಿಸಿ ಎಂಜಿನ್ನಿನಿಂದ ಆರಂಭವಾದ ಅದು ಈಗ 1833 ಸಿಸಿ, ಆರು ಸಿಲಿಂಡರ್, ತೂಕ ಹತ್ತಿರ ಹತ್ತಿರ 390 ಕಿಲೋ. ಹಿಂದಕ್ಕೆ ತಳ್ಳಲಾಗದೆಂದು ಅದಕ್ಕೆ ರಿವರ್ಸ್ ವ್ಯವಸ್ಥೆಯನ್ನೇ ಇಟ್ಟಿದ್ದಾರೆ. ಕೌತಾಳಂ ಓಣಿಯಲ್ಲಿ ಅದನ್ನು ತಿರುಗಿಸುವುದನ್ನು ನೆನೆಸಿಕೊಂಡರೆ ಸಾಕು! ಇಲ್ಲಿನವರು ದೊಡ್ಡ ಟೂರಿಂಗ್ ಎನ್ನುವುದು ರಾಯಲ್ ಎನ್‌ಫೀಲ್ಡ್‌ನ ಕ್ಲಾಸಿಕ್ 350, ಮೀಟಿಯರ್ 350, 2023ರಲ್ಲಿ ಬಂದ 452 ಸಿಸಿಯ ಹಿಮಾಲಯನ್ ಮುಂತಾದವನ್ನು.

ಈ ಜಗಳ ಹೊಸತಲ್ಲ. 1955ರಿಂದ ಮದರಾಸಿನಲ್ಲಿ ತಯಾರಾದ ಬುಲೆಟ್ 350 ಪೊಲೀಸರ, ಗುತ್ತಿಗೆದಾರರ, ಊರ ಗೌಡರ ಗಾಡಿಯಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1978ರಲ್ಲಿ ಯೆಜ್ಡಿ ರೋಡ್‌ಕಿಂಗ್ ಹೊರತಂದಾಗ ಕನ್ನಡ ನಾಡಿನ ಹುಡುಗರಿಗೆ ತಮ್ಮದೇ ಆದ ಚುರುಕಿನ ಗಾಡಿ ಸಿಕ್ಕಂತಾಯಿತು. 1983ರಲ್ಲಿ ಎಸ್ಕಾರ್ಟ್ಸ್ ತಂದ ರಾಜದೂತ್ 350 ನಿಜವಾದ ಸ್ಪೋರ್ಟ್ಸ್ ಬೈಕು. ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಅಂದಿನ ಬುಲೆಟ್‌ಗಿಂತ ಬಹಳ ಹೆಚ್ಚು ಶಕ್ತಿ. ಹತ್ತು ವರ್ಷವೂ ಬಾಳಲಿಲ್ಲ. ಬೆಲೆ ಹೆಚ್ಚು, ಪೆಟ್ರೋಲ್ ಕುಡಿತ ಇನ್ನೂ ಹೆಚ್ಚು. 1985ರಲ್ಲಿ ಬಂದ ನೂರು ಸಿಸಿಯ ಆರ್‌ಎಕ್ಸ್ 100 ಅದೇ ಚುರುಕನ್ನು ಅಗ್ಗಕ್ಕೆ ಕೊಟ್ಟು ಗೆದ್ದಿತು. 1996ರಲ್ಲಿ ಮೈಸೂರಿನ ಕಾರ್ಖಾನೆಯೂ ನಿಂತಿತು, ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. ಬುಲೆಟ್ ಮಾತ್ರ ಉಳಿಯಿತು.

ರಸ್ತೆ ಎಷ್ಟು ವೇಗ ಕೊಡುತ್ತದೆ?

ಈ ಭಾಗದ ಬೆನ್ನೆಲುಬು ರಾಷ್ಟ್ರೀಯ ಹೆದ್ದಾರಿ 167. ಬಳ್ಳಾರಿ ಸಮೀಪದ ಹಗರಿಯಲ್ಲಿ ಆರಂಭವಾಗಿ ಆಲೂರು, ಆದೋನಿ, ಎಮ್ಮಿಗನೂರು, ಮಂತ್ರಾಲಯದ ಮೇಲೆ ಬಂದು, ಮಾಧವರಂ ಬಳಿ ತುಂಗಭದ್ರೆ ದಾಟಿ ರಾಯಚೂರು ಸೇರುತ್ತದೆ. ಅಲ್ಲಿಂದ ತೆಲಂಗಾಣದ ಮಹಬೂಬ್‌ನಗರದ ಕಡೆಗೆ ಹೋಗುತ್ತದೆ. ಒಂದೇ ರಸ್ತೆ, ಮೂರು ರಾಜ್ಯ.

ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿಗೆ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ., ಬೇರೆ ರಸ್ತೆಗಳಲ್ಲಿ 60 ಕಿ.ಮೀ. ಕರ್ನೂಲಿನಿಂದ ಅನಂತಪುರದ ಮೇಲೆ ಬೆಂಗಳೂರಿಗೆ ಹೋಗುವ ಹೆದ್ದಾರಿ 44ರಲ್ಲಿ 80 ಸಿಕ್ಕೀತು. ಎರಡು ಪಥದ ರಸ್ತೆ ಇರುವಲ್ಲೆಲ್ಲ 60. ಆರ್15 ನೂರಾಮೂವತ್ತರ ಮೇಲೆ ಓಡಬಲ್ಲದು, ಹಿಮಾಲಯನ್ ಕೂಡ ಅಷ್ಟೇ. ಎರಡೂ ಗಾಡಿಗಳಲ್ಲಿ ಆ ಅರ್ಧದಷ್ಟು ಓಟಕ್ಕೆ ಹಣ ಕೊಟ್ಟು ಮನೆಯಲ್ಲಿ ಇಟ್ಟುಕೊಂಡಂತೆ.

ದೊಡ್ಡ ಗಾಡಿ ಕೊಂಡರೆ ದೊಡ್ಡ ರಸ್ತೆಯಲ್ಲಿ ಹೋಗಬಹುದು ಎಂಬ ತಿಳಿವಳಿಕೆಯೂ ಸರಿಯಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಎಂಜಿನ್ ಎಷ್ಟೇ ಸಿಸಿ ಇರಲಿ. ಪಕ್ಕದ ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಹೈದರಾಬಾದಿನ ಹೊರವರ್ತುಲ ರಸ್ತೆಯಲ್ಲೂ ಬೈಕಿಗೆ ಅವಕಾಶವಿಲ್ಲ.

ಇನ್ನು ಊರ ರಸ್ತೆ. ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಜೋಳದ ತೆನೆ ಹರಡಿರುತ್ತಾರೆ. ಎದುರಿಗೆ ಕುರಿ ಹಿಂಡು. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್, ಎರಡೂ ಕಡೆ ಉಬ್ಬಿದ ಹತ್ತಿ ಲಾರಿ, ಬಣ್ಣ ಬಳಿಯದ ಹಂಪು. ಇಂಥ ಕಡೆ ಬೈಕಿಗೆ ಬೇಕಾದ್ದು ಎರಡನೇ ಗೇರಿನಲ್ಲಿ ಮೆಲ್ಲಗೆ, ಎಳೆದಾಡದೆ ಹೋಗುವ ಗುಣ. ಅದನ್ನು ಅಳೆಯುವುದು ಟಾರ್ಕ್ ಎಂಬ ಅಂಕಿಯಿಂದ. ಆರ್15ರಲ್ಲಿ ಗರಿಷ್ಠ ಟಾರ್ಕ್ 14.2 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 7,500 ಸುತ್ತು ತಿರುಗಿದಾಗ. ಕ್ಲಾಸಿಕ್ 350ರಲ್ಲಿ 27, ಬರೀ 4,000 ಸುತ್ತಿನಲ್ಲಿ. ಹಿಮಾಲಯನ್‌ನಲ್ಲಿ 40, 5,500 ಸುತ್ತಿನಲ್ಲಿ. ಹಿಂದೆ ಒಬ್ಬರು, ಟ್ಯಾಂಕಿನ ಮೇಲೆ ಒಂದು ಚೀಲ ಇದ್ದಾಗ ಸಣ್ಣ ಸ್ಪೋರ್ಟ್ಸ್ ಬೈಕಿನಲ್ಲಿ ಪದೇ ಪದೇ ಗೇರು ಇಳಿಸಬೇಕಾಗುವುದು ಇದಕ್ಕೇ.

ಸ್ಪೋರ್ಟ್ಸ್ ಬೈಕಿನ ಪರವಾಗಿಯೂ ಹೇಳಬೇಕಾದ್ದು ಉಂಟು. ಆರ್15 ತೂಕ ಸುಮಾರು 142 ಕಿಲೋ, ಕ್ಲಾಸಿಕ್ 195, ಹಿಮಾಲಯನ್ 196. ಹಗುರ ಗಾಡಿ ಬೇಗ ತಿರುಗುತ್ತದೆ, ಬ್ರೇಕಿಗೆ ಬೇಗ ಮಣಿಯುತ್ತದೆ, ತಿರುವಿನಲ್ಲಿ ನೆಲ ಹಿಡಿದು ಹೋಗುತ್ತದೆ. ಒಬ್ಬನೇ ಓಡಿಸುವವನಿಗೆ ಡಾಂಬರು ರಸ್ತೆಯಲ್ಲಿ ಇಷ್ಟು ಹಣಕ್ಕೆ ಇದಕ್ಕಿಂತ ಸಂತೋಷ ಕೊಡುವ ಗಾಡಿ ಕಡಿಮೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಬೈಕುಗಳಿಗೂ ಎಬಿಎಸ್ ಕಡ್ಡಾಯ. ಆದರೆ ಒಂದೇ ಚಕ್ರಕ್ಕೆ ಎಬಿಎಸ್ ಇರುವ ಮಾದರಿಗಳೂ ಇವೆ, ಎರಡಕ್ಕೂ ಇರುವುದನ್ನೇ ಕೇಳಿ ಪಡೆಯಿರಿ.

ಹಿಂದೆ ಕೂಡುವವರು ಯಾರು?

ಶ್ರಾವಣದಲ್ಲಿ ಉರುಕುಂದ ಈರಣ್ಣನ ಜಾತ್ರೆಗೆ, ಮಂತ್ರಾಲಯದಲ್ಲಿ ರಾಯರ ಆರಾಧನೆಗೆ, ನದಿಯಾಚೆ ಗಾಣಧಾಳದ ಪಂಚಮುಖಿಗೆ ಗಂಡ ಹೆಂಡತಿ ಬೈಕಿನಲ್ಲಿ ಬರುವುದು ಎರಡೂ ದಡದ ರೂಢಿ. ಸ್ಪೋರ್ಟ್ಸ್ ಬೈಕಿನ ಹಿಂದಿನ ಸೀಟು ಅಂಗೈ ಅಗಲ, ಸವಾರನ ಸೀಟಿಗಿಂತ ಒಂದು ಮೆಟ್ಟಿಲು ಮೇಲೆ. ಪ್ಯಾಂಟು ಹಾಕಿದ ಹುಡುಗ ಎರಡೂ ಕಡೆ ಕಾಲು ಹಾಕಿ ಕೂಡಬಲ್ಲ. ಸೀರೆಯುಟ್ಟು ಒಂದೇ ಕಡೆ ಕಾಲು ಹಾಕುವವರಿಗೆ ಅದು ಕಟ್ಟೆಯ ಅಂಚಿನಲ್ಲಿ ಕೂತಂತೆ. ಬ್ರೇಕು ಹಾಕಿದರೆ ಇಡೀ ಭಾರ ಸವಾರನ ಬೆನ್ನಿಗೆ, ಅಲ್ಲಿಂದ ಅವನ ಮುಂಗೈಗೆ. ಆದೋನಿಯಿಂದ ಮಂತ್ರಾಲಯಕ್ಕೆ ಸುಮಾರು ಐವತ್ತು ಕಿ.ಮೀ.; ಅಷ್ಟು ದೂರಕ್ಕೇ ಇಬ್ಬರಿಗೂ ಸಾಕಾಗುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮ 123 ಪ್ರತಿ ಮೋಟಾರ್ ಸೈಕಲ್ಲಿಗೂ ಹಿಂಬದಿಯವರಿಗೆ ಹಿಡಿಕೆ, ಕಾಲಿಡಲು ಜಾಗ ಮತ್ತು ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ, ಅಂದರೆ ಜನ ಸೀರೆ ಗಾರ್ಡ್ ಎನ್ನುವುದು, ಇರಬೇಕೆನ್ನುತ್ತದೆ. ಅಂದ ಕೆಡುತ್ತದೆಂದು ಹುಡುಗರು ಮೊದಲ ವಾರವೇ ಅದನ್ನು ಬಿಚ್ಚಿಸುತ್ತಾರೆ. ಸೆರಗು, ಚೂಡಿದಾರದ ದುಪಟ್ಟಾ ಚಕ್ರಕ್ಕೆ ಸಿಕ್ಕುವುದು ಆಗಲೇ. ಬೈಕು ಸ್ಪೋರ್ಟ್ಸೇ ಇರಲಿ, ಟೂರಿಂಗೇ ಇರಲಿ, ಅದನ್ನು ಬಿಚ್ಚಿಸುವುದು ಬೇಡ.

ಸೀಟು ಎಷ್ಟೇ ಉದ್ದವಿದ್ದರೂ ಮೋಟಾರು ವಾಹನ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಸವಾರನ ಹಿಂದೆ ಒಬ್ಬರೇ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನು ಕೂಡಿಸಿಕೊಂಡರೆ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ, ಮಗುವಿಗೆ ಹೆಲ್ಮೆಟ್ ಬೇಕು. ವೇಗ 40 ಕಿ.ಮೀ. ಮೀರುವಂತಿಲ್ಲ. 2022ರ ಫೆಬ್ರುವರಿಯಲ್ಲಿ ಪ್ರಕಟವಾದ ಈ ನಿಯಮ ಒಂದು ವರ್ಷದ ನಂತರ ಜಾರಿಗೆ ಬಂತು. ನಾಲ್ಕು ಜನರ ಸಂಸಾರಕ್ಕೆ ಬುಲೆಟ್ ಸಾಕು ಎನ್ನುವ ಮಾತು ಕಾಯ್ದೆಗೂ ಹೊಂದುವುದಿಲ್ಲ, ಕ್ಷೇಮಕ್ಕೂ ಹೊಂದುವುದಿಲ್ಲ.

ಎರೆ ನೆಲ, ಬಳ್ಳಾರಿ ಜಾಲಿ

ಟೂರಿಂಗ್ ಬೈಕು ಎಂದರೆ ಎಲ್ಲಿ ಬೇಕಾದರೂ ಹೋಗುತ್ತದೆ ಎಂದು ಜಾಹೀರಾತು ತೋರಿಸುತ್ತದೆ. ಜಾಹೀರಾತಿನವರು ಮಳೆಗಾಲದ ಎರೆ ಹೊಲಕ್ಕೆ ಬಂದಿಲ್ಲ. ಎರೆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕಟ್ಟಿಕೊಂಡರೆ ಚಕ್ರ ತಿರುಗುವುದೇ ಇಲ್ಲ. ಮಡ್‌ಗಾರ್ಡ್ ಚಕ್ರಕ್ಕೆ ಹತ್ತಿರವಿದ್ದಷ್ಟೂ ಬೇಗ ಕಟ್ಟುತ್ತದೆ, ಸ್ಪೋರ್ಟ್ಸ್ ಬೈಕಿನಲ್ಲಿ ಇದು ಬಹಳ ಹತ್ತಿರ. ಹಿಮಾಲಯನ್ ನೆಲದಿಂದ 230 ಮಿ.ಮೀ. ಎತ್ತರ, ಮುಂದಿನ ಚಕ್ರ 21 ಇಂಚು. ಕಲ್ಲು, ಗುಂಡಿ ಇರುವ ದಾರಿಯಲ್ಲಿ ಅದರ ಸಮ ಇಲ್ಲ. ಆದರೆ ಕೆಸರಿನಲ್ಲಿ ಬಿದ್ದರೆ 196 ಕಿಲೋ ಎತ್ತಲು ಹತ್ತಿರದ ಹೊಲದಿಂದ ಇನ್ನೊಬ್ಬರನ್ನು ಕೂಗಬೇಕು. ಸೀಟಿನ ಎತ್ತರ 825 ಮಿ.ಮೀ. ಐದೂವರೆ ಅಡಿಯೊಳಗಿನವರಿಗೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರುವುದು ಕಷ್ಟ. ಮೀಟಿಯರ್‌ನಲ್ಲಿ ಇದು 765, ಮನೆಯಲ್ಲಿ ಹಲವರು ಓಡಿಸುವುದಾದರೆ ಅದೇ ಅನುಕೂಲ.

ರಸ್ತೆ ಬದಿಯ ಬಳ್ಳಾರಿ ಜಾಲಿಯ ಮುಳ್ಳಿನ ಲೆಕ್ಕವನ್ನೂ ಹಿಡಿಯಬೇಕು. ಕಡ್ಡಿ ಚಕ್ರದ ಬಹುತೇಕ ಬೈಕುಗಳಿಗೆ ಒಳಗೆ ಟ್ಯೂಬ್ ಇರುತ್ತದೆ. ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು. ಟ್ಯೂಬ್‌ಲೆಸ್ ಟೈರಿಗೆ ಅಲ್ಲೇ ಬತ್ತಿ ತುರುಕಿ ಗಾಳಿ ಹಿಡಿದರೆ ಊರು ಮುಟ್ಟಬಹುದು. ನೋಡಲು ಕಡ್ಡಿ ಚಕ್ರ ಚೆಂದ. ಪೆದ್ದತುಂಬಳಂ ದಾಟಿದ ಮೇಲೆ ಸಂಜೆ ಏಳಕ್ಕೆ ಗಾಳಿ ಇಳಿದಾಗ ಆ ಚೆಂದ ನೆನಪಾಗುವುದಿಲ್ಲ.

ಪೆಟ್ರೋಲಿನ ವಿಷಯದಲ್ಲಿ ಒಂದು ಅಚ್ಚರಿ ಇದೆ. ದೊಡ್ಡ ಟ್ಯಾಂಕಿನ ಗಾಡಿ ಹೆಚ್ಚು ದೂರ ಹೋಗುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಹಿಮಾಲಯನ್ ಟ್ಯಾಂಕ್ 17 ಲೀಟರ್, ಲೀಟರಿಗೆ 28 ಹಿಡಿದರೆ 476 ಕಿ.ಮೀ. ಆರ್15 ಟ್ಯಾಂಕ್ 11 ಲೀಟರ್, ಲೀಟರಿಗೆ 45 ಹಿಡಿದರೆ 495 ಕಿ.ಮೀ. ಕ್ಲಾಸಿಕ್‌ನ 13 ಲೀಟರಿಗೆ 35ರ ಲೆಕ್ಕದಲ್ಲಿ 455. ಮೂರೂ ಒಂದೇ ಸುಮಾರು. ಪೆಟ್ರೋಲ್ ಆಂಧ್ರಕ್ಕಿಂತ ಕರ್ನಾಟಕದಲ್ಲಿ ಅಗ್ಗವೆಂದು ರಾಯಚೂರು, ಬಳ್ಳಾರಿಗೆ ಹೋದಾಗ ಟ್ಯಾಂಕ್ ತುಂಬಿಸಿಕೊಂಡು ಬರುವವರಿದ್ದಾರೆ. ಹೇಗೂ ಹೋಗುವ ಕೆಲಸವಿದ್ದರೆ ಸರಿ, ಅದಕ್ಕೆಂದೇ ಹೋದರೆ ಉಳಿದದ್ದು ದಾರಿಯಲ್ಲೇ ಮುಗಿಯುತ್ತದೆ.

350 ಸಿಸಿ ಗೆರೆ

ಹಣದ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಹಿಂದೆ ಸೆಸ್ ಸೇರಿ ಶೇ. 31 ಇದ್ದದ್ದು 40ಕ್ಕೆ ಏರಿತು. ತೆರಿಗೆಗೆ ಮುಂಚಿನ ಬೆಲೆ ಒಂದೂವರೆ ಲಕ್ಷವೆಂದು ಇಟ್ಟುಕೊಂಡರೆ, ಗೆರೆಯ ಈಚೆಗಿನ ಗಾಡಿ 1,77,000 ರೂ., ಆಚೆಗಿನದು 2,10,000 ರೂ. ಕಬ್ಬಿಣ ಅಷ್ಟೇ, ಚಕ್ರ ಎರಡೇ, ವ್ಯತ್ಯಾಸ 33 ಸಾವಿರ. ಕ್ಲಾಸಿಕ್, ಮೀಟಿಯರ್ 349 ಸಿಸಿ, ಆರ್‌ಆರ್ 310 ಕೂಡ ಈಚೆಗೆ. ಹಿಮಾಲಯನ್, ರಾಯಲ್ ಎನ್‌ಫೀಲ್ಡ್‌ನ 650 ಸಿಸಿ ಗಾಡಿಗಳು ಆಚೆಗೆ.

ವಿಮೆಯಲ್ಲೂ ಇದೇ ಗೆರೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಹೊಸ ಬೈಕಿನ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 150ರಿಂದ 350 ಸಿಸಿಗೆ 7,365 ರೂ., 350 ಮೀರಿದರೆ 15,117 ರೂ. 75ರಿಂದ 150 ಸಿಸಿಯವಕ್ಕೆ 3,851 ರೂ. ಆರ್15 ಎಂಜಿನ್ 155 ಸಿಸಿ, ಬರೀ ಐದು ಸಿಸಿಗೆ ಮೇಲಿನ ಗುಂಪಿಗೆ ಸೇರಿಕೊಂಡಿದೆ. ಬಿದ್ದಾಗ ಸ್ಪೋರ್ಟ್ಸ್ ಬೈಕಿನ ಪ್ಲಾಸ್ಟಿಕ್ ಹೊದಿಕೆ ಮೊದಲು ಒಡೆಯುತ್ತದೆ, ಬದಲಿಸಲು ಸಾವಿರಗಟ್ಟಲೆ ಬೇಕು. ಹಾಗಾಗಿ ಸ್ವಂತ ಹಾನಿಯ ವಿಮೆಯನ್ನು ಮೊದಲ ಕೆಲವು ವರ್ಷ ಬಿಡಬಾರದು.

ಸಾಲದ ಲೆಕ್ಕ: ಎರಡು ಲಕ್ಷಕ್ಕೆ ವರ್ಷಕ್ಕೆ ಶೇ. 12 ಬಡ್ಡಿ, ಮೂರು ವರ್ಷ ಎಂದರೆ ತಿಂಗಳ ಕಂತು ಸುಮಾರು 6,643 ರೂ. ಒಟ್ಟು ಕಟ್ಟುವುದು 2,39,000ದ ಮೇಲೆ. ಸಂಬಳದವರಿಗೆ ತಿಂಗಳು ತಿಂಗಳು ಹಣ ಬರುತ್ತದೆ. ಹತ್ತಿ, ಮೆಣಸಿನಕಾಯಿ ನಂಬಿದವರಿಗೆ ಬರುವುದು ವರ್ಷಕ್ಕೊಮ್ಮೆ, ಕಂತು ಮಾತ್ರ ಹನ್ನೆರಡು ಬಾರಿ. ಜೂನ್‌ನಲ್ಲಿ ಬೀಜ ಗೊಬ್ಬರಕ್ಕೆ ಇಟ್ಟ ಹಣ ಬೈಕಿನ ಕಂತಿಗೆ ಹೋದ ಮನೆಗಳು ಈ ಭಾಗದಲ್ಲಿ ಕಡಿಮೆಯೇನಿಲ್ಲ.

ಆಚೆ ಕೊಂಡು ಈಚೆ ಓಡಿಸುವುದು

ಬಳ್ಳಾರಿ, ರಾಯಚೂರಿನಲ್ಲಿ ಬೇಗ ಸಿಗುತ್ತದೆ, ನೆಂಟರ ವಿಳಾಸ ಕೊಟ್ಟು ಕೆಎ 34 ಅಥವಾ ಕೆಎ 36 ನಂಬರ್ ಮಾಡಿಸಿದರಾಯಿತು ಎನ್ನುವವರು ಉಂಟು. ಇದರಲ್ಲಿ ನಷ್ಟವೇ ಹೆಚ್ಚು. ಕರ್ನಾಟಕದಲ್ಲಿ ಒಂದು ಲಕ್ಷ ಮೀರಿದ ದ್ವಿಚಕ್ರ ವಾಹನಕ್ಕೆ ಜೀವಿತಾವಧಿ ತೆರಿಗೆ ಬೆಲೆಯ ಶೇ. 18, ಎರಡು ಲಕ್ಷದ ಗಾಡಿಗೆ 36 ಸಾವಿರ. ಆಂಧ್ರದಲ್ಲಿ ಇದಕ್ಕಿಂತ ಕಡಿಮೆ. ಜೊತೆಗೆ ವಾಹನವನ್ನು ವಾಸ ಅಥವಾ ವ್ಯವಹಾರ ಇರುವ, ಗಾಡಿ ನಿಲ್ಲುವ ಕಡೆಯೇ ನೋಂದಾಯಿಸಬೇಕೆಂದು ಕಾಯ್ದೆ ಹೇಳುತ್ತದೆ. ಬೇರೆ ರಾಜ್ಯದ ನಂಬರಿನ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಉಳಿದರೆ 47ನೇ ಸೆಕ್ಷನ್ ಪ್ರಕಾರ ಹೊಸ ನಂಬರ್ ಪಡೆಯಬೇಕು. ಅದಕ್ಕೆ ಮೊದಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ವಾಪಸು ಕೇಳಲು ಓಡಾಡಬೇಕು. ಆಚೆ ಕೊಳ್ಳಲೇಬೇಕಾದರೆ ತಾತ್ಕಾಲಿಕ ನೋಂದಣಿ ಮಾಡಿಸಿಕೊಂಡು ತಂದು ಆಂಧ್ರದಲ್ಲೇ ಕಾಯಂ ನಂಬರ್ ಪಡೆಯುವುದು ನೇರ ದಾರಿ. ಹಳೆಯ ಗಾಡಿ ಕೊಳ್ಳುವವರಂತೂ ನಂಬರ್ ಯಾವ ರಾಜ್ಯದ್ದೆಂದು ನೋಡಿ, ಈ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಬೇಕು.

ರಾತ್ರಿ ಪ್ರಯಾಣ

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ. 44.5ರಷ್ಟು ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029, ಅದರಲ್ಲಿ ಹಿಂದೆ ಕೂತವರೇ 14,337. ಕೇಂದ್ರ ಸಾರಿಗೆ ಸಚಿವಾಲಯದ ಈ ಅಂಕಿಗಳಲ್ಲಿ ಸ್ಪೋರ್ಟ್ಸ್, ಟೂರಿಂಗ್ ಎಂಬ ಭೇದವಿಲ್ಲ.

2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲು ಬಳಿಯ ಚಿನ್ನಟೇಕೂರಿನಲ್ಲಿ ನಡೆದದ್ದು ಜಿಲ್ಲೆಯ ಜನ ಮರೆತಿಲ್ಲ. ಹೆದ್ದಾರಿ 44ರಲ್ಲಿ ಬೈಕೊಂದು ವಿಭಜಕಕ್ಕೆ ಬಡಿದು ಸವಾರ ಸತ್ತ. ರಸ್ತೆಯಲ್ಲಿ ಬಿದ್ದಿದ್ದ ಬೈಕಿನ ಮೇಲೆ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟ ಸ್ಲೀಪರ್ ಬಸ್ಸು ಹರಿದು ಹೊತ್ತಿಕೊಂಡಿತು. ಎಲ್ಲ ಸೇರಿ ಸುಮಾರು ಇಪ್ಪತ್ತು ಜೀವ ಹೋದವು.

ಗಂಟೆಗೆ 80 ಕಿ.ಮೀ. ಓಟದಲ್ಲಿ ಬೈಕು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟು. ಹಿಂದೆ ಭಾರವಿದ್ದರೆ ಗಾಡಿಯ ಹಿಡಿತವೂ ಬದಲಾಗುತ್ತದೆ. ಬೆಂಗಳೂರಿನಿಂದ ಹಬ್ಬಕ್ಕೆ ಬೈಕಿನಲ್ಲೇ ಬರುವ ಹುಡುಗರು ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಹೊರಡುವುದು ರೂಢಿಯಾಗಿದೆ. ಮುನ್ನೂರೈವತ್ತು ಕಿ.ಮೀ. ದಾರಿಗೆ ಯಾವ ಬೈಕಾದರೂ ರಾತ್ರಿ ಸರಿಯಾದ ಬೈಕಲ್ಲ. ಬೆಳಗಿನ ಐದಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ.

ಯಾರಿಗೆ ಯಾವುದು?

ಒಬ್ಬನೇ ಓಡಿಸುವ, ದಿನಕ್ಕೆ ಮೂವತ್ತು ನಲವತ್ತು ಕಿ.ಮೀ. ಡಾಂಬರು ರಸ್ತೆಯಲ್ಲೇ ಹೋಗಿಬರುವ ಕಾಲೇಜು ಹುಡುಗನಿಗೆ ಸಣ್ಣ ಸ್ಪೋರ್ಟ್ಸ್ ಬೈಕು ತಪ್ಪೇನಲ್ಲ, ಮನೆಯಲ್ಲಿ ಅವ್ವ ಅಪ್ಪನನ್ನು ಕರೆದೊಯ್ಯಲು ಬೇರೆ ಗಾಡಿ ಇದ್ದರೆ. ಇಡೀ ಮನೆಗೆ ಒಂದೇ ಬೈಕು ಎಂದಾದರೆ 350 ಸಿಸಿ ಒಳಗಿನ, ಸೀಟು ತಗ್ಗಿರುವ, ನೆಟ್ಟಗೆ ಕೂಡುವ ಟೂರಿಂಗ್ ಜಾತಿಯದೇ ಹೊಂದುತ್ತದೆ. 350 ಮೀರಿದ ದೊಡ್ಡ ಗಾಡಿ ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಶ್ರೀಶೈಲದ ನಲ್ಲಮಲ ಘಟ್ಟವನ್ನೋ, ಮಲೆನಾಡನ್ನೋ ನಿಜವಾಗಿ ಸುತ್ತುವವರಿಗೆ ಸರಿ. ಒಮ್ಮೆ ಲಡಾಖಿಗೆ ಹೋಗುವ ಆಸೆಗೆ ಹತ್ತು ವರ್ಷ ಅದನ್ನು ಸಂತೆಗೆ ಓಡಿಸುವುದಕ್ಕಿಂತ ಅಲ್ಲಿ ಬಾಡಿಗೆಗೆ ಸಿಗುವ ಬೈಕು ಅಗ್ಗ. ಹೊಲ, ಸಂತೆ, ಹಾಲಿನ ಡೇರಿ ಇಷ್ಟೇ ಇದ್ದವರಿಗೆ ಎರಡೂ ಬೇಡ, 125 ಸಿಸಿಯ ಗಾಡಿ ಸಾಕು. ಅರ್ಧ ಹಣ ಉಳಿಯುತ್ತದೆ.

ಶೋರೂಮಿಗೆ ಹೋಗುವಾಗ ಹಿಂದೆ ಕೂಡುವವರನ್ನೂ ಕರೆದುಕೊಂಡು ಹೋಗಿ. ಸೀರೆಯುಟ್ಟವರಾದರೆ ಸೀರೆಯಲ್ಲೇ ಕೂಡಿಸಿ, ಹಂಪು ಇರುವ ರಸ್ತೆಯಲ್ಲಿ ಐದಾರು ಕಿ.ಮೀ. ಓಡಿಸಿ ನೋಡಿ. ನಿಂತಾಗ ಎರಡೂ ಪಾದ ನೆಲ ಮುಟ್ಟುತ್ತವೆಯೇ, ಎಂಜಿನ್ ಆರಿಸಿ ಗಾಡಿಯನ್ನು ಒಬ್ಬರೇ ಹಿಂದಕ್ಕೆ ತಳ್ಳಬಹುದೇ ನೋಡಿ. ಸರ್ವೀಸ್ ಎಲ್ಲಿ ಮಾಡಿಸಬೇಕು, ಆದೋನಿಯಲ್ಲೋ, ಕರ್ನೂಲಿಗೋ ಬಳ್ಳಾರಿಗೋ ಹೋಗಬೇಕೋ ಎಂದು ಕೇಳಿಕೊಳ್ಳಿ. ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ಟಿನ ಬೆಲೆಯನ್ನು ಬೈಕಿನ ಬೆಲೆಯೊಳಗೇ ಸೇರಿಸಿ ಮಾತಾಡಿ, ಹಲವು ಅಂಗಡಿಯವರು ಒಂದನ್ನಾದರೂ ಬಿಟ್ಟುಕೊಡುತ್ತಾರೆ.